ಆರು ವರ್ಷವಾಯಿತು, ನನ್ನದು ಅಂತ ಒಂದು ಚಿತ್ರವೂ ಮುಗಿದಿಲ್ಲ

ಮೂಲೆಕೊಠಡಿ · ಭಾನುವಾರ, ರಾತ್ರಿ 10:40

ಕಳೆದ ವಾರ ಒಂದು ಗುಂಪು ಪ್ರದರ್ಶನಕ್ಕೆ ಅರ್ಜಿ ಹಾಕೋಣ ಅಂತ ಕೂತೆ. ಷರತ್ತು ಒಂದೇ. ಎರಡು ವರ್ಷದೊಳಗೆ ಮಾಡಿದ ಮೂರು ಚಿತ್ರಗಳ ಫೋಟೊ ಕಳಿಸಬೇಕು. ಫೋನ್ ತೆಗೆದು ಹುಡುಕಿದೆ. ಮಕ್ಕಳ ಚಿತ್ರಗಳು ಸಾವಿರದ ಹತ್ತಿರ ಇದ್ದವು. ಕಾರ್ಯಕ್ರಮದ ಬ್ಯಾನರು, ನೋಟಿಸ್ ಬೋರ್ಡು, ವಿಜ್ಞಾನದ ಮೇಡಂಗೆ ಬರೆದುಕೊಟ್ಟ ಹೃದಯದ ಚಾರ್ಟು (ಎರಡು ಸಲ ಬರೆದೆ, ಮೊದಲನೆಯದರಲ್ಲಿ ಎಡ ಬಲ ಅದಲುಬದಲಾಗಿತ್ತು). ನನ್ನದು ಅಂತ ಒಂದೂ ಸಿಗಲಿಲ್ಲ.

ಡ್ರಾಯಿಂಗ್ ಟೀಚರ್ ಆಗಿ ಹದಿನಾಲ್ಕು ವರ್ಷ ಆಯಿತು. ವಾರಕ್ಕೆ 26 ಪಿರಿಯಡ್. ಮೊದಲ ಎಂಟು ವರ್ಷ ಹೇಗೋ ಏನೋ ಬರೆಯುತ್ತಿದ್ದೆ. ಆಮೇಲೆ ಒಂದು ದೊಡ್ಡ ಕ್ಯಾನ್ವಾಸ್ ಶುರು ಮಾಡಿದೆ, ಆಯಿಲ್‌ನಲ್ಲಿ. ಅದು ಈಗಲೂ ಬೀರುವಿನ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿದೆ. ಆರು ವರ್ಷ.

ಪಾಠ ಮಾಡುವುದು ನನಗೆ ಇಷ್ಟ. ಅದರ ಬಗ್ಗೆ ದೂರು ಇಲ್ಲ. ಆದರೆ ಅರ್ಜಿಯಲ್ಲಿ 'ವೃತ್ತಿ' ಅಂತ ಇದ್ದ ಕಡೆ 'ಕಲಾವಿದೆ, ಕಲಾ ಶಿಕ್ಷಕಿ' ಅಂತ ಬರೆದು, ಮೊದಲ ಪದ ಹೊಡೆದುಹಾಕಿದೆ. ಅದು ಯಾಕೋ ಚುಚ್ಚಿತು. ನೀವೆಲ್ಲ ಹೇಗೆ ನಿಭಾಯಿಸುತ್ತೀರಿ? 'ಟೈಮ್ ಮಾಡ್ಕೋಬೇಕು' ಅನ್ನುವ ಉತ್ತರ ಬೇಡ. ಅದನ್ನು ನಾನೇ ನನಗೆ ಆರು ವರ್ಷದಿಂದ ಹೇಳಿಕೊಳ್ಳುತ್ತಿದ್ದೇನೆ.

ಬಿಟ್ಟಿಬ್ಯಾನರ್ · ಭಾನುವಾರ, ರಾತ್ರಿ 11:05

ಹೃದಯದ ಚಾರ್ಟು ಓದಿ ನಕ್ಕುಬಿಟ್ಟೆ ಮೇಡಂ. ನನ್ನ ಕೈಯಲ್ಲಿ ಜೀರ್ಣಾಂಗ ಮೂರು ಸಲ ಆಗಿದೆ.

ಟೈಮ್ ಬಗ್ಗೆ ಉಪದೇಶ ಕೊಡಲ್ಲ. ನಾನು ಮಾಡಿದ ಒಂದು ಕೆಲಸ ಹೇಳುತ್ತೇನೆ. 'ನಿಮ್ ಕೈ ಚೆನ್ನಾಗಿದೆಯಲ್ವಾ, ಒಂದ್ ಐದು ನಿಮಿಷದ ಕೆಲ್ಸ' ಅಂತ ಯಾರು ಬಂದರೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಲು ಶುರು ಮಾಡಿದೆ. ಯಾರು ಕೇಳಿದ್ದು, ಏನು ಕೆಲಸ, ಎಷ್ಟು ಹೊತ್ತು ಹಿಡಿಯಿತು. ಅಷ್ಟೇ. ಒಂದು ಟರ್ಮ್ ಮುಗಿದಾಗ ಕೂಡಿದರೆ 61 ಗಂಟೆ ಆಗಿತ್ತು. ಎಲ್ಲವೂ 'ಐದು ನಿಮಿಷದ' ಕೆಲಸಗಳೇ.

ಅದನ್ನು ತೆಗೆದುಕೊಂಡು ಹೋಗಿ ಜಗಳ ಆಡಲಿಲ್ಲ. ಮುಖ್ಯಸ್ಥರ ಮುಂದೆ ಇಟ್ಟು, 'ಇದರಲ್ಲಿ ಯಾವುದು ನನ್ನ ಕೆಲಸ, ಯಾವುದು ಅಲ್ಲ, ನೀವೇ ಟಿಕ್ ಮಾಡಿಕೊಡಿ ಸಾರ್' ಅಂದೆ. ಅವರಿಗೂ ಗೊತ್ತಿರಲಿಲ್ಲ ಪಾಪ. ಯಾರಿಗೂ ಗೊತ್ತಿರಲ್ಲ, ಯಾಕೆಂದರೆ ನಾವು ನಗುತ್ತಾ ಮಾಡಿಕೊಟ್ಟಿರುತ್ತೇವೆ. ಈಗ ಏನೇ ಕೆಲಸ ಇದ್ದರೂ ಮೂರು ದಿನ ಮುಂಚೆ ಚೀಟಿ ಬರೆದು ಕೊಡಬೇಕು ಅಂತ ಆಗಿದೆ. ಚೀಟಿ ಬರೆಯುವುದು ಬೇಜಾರಿನ ಕೆಲಸ. ಹಾಗಾಗಿ ಅರ್ಧಕ್ಕರ್ಧ ಬೇಡಿಕೆ ತಾನಾಗಿ ನಿಂತುಹೋಯಿತು.

ಸಂಜೆಬಣ್ಣ · ಸೋಮವಾರ, ಬೆಳಿಗ್ಗೆ 7:15

ಅಷ್ಟು ಬೇಜಾರು ಮಾಡಿಕೊಳ್ಳಬೇಡಿ ಮೇಡಂ. ಆಲ್ಮಾ ಥಾಮಸ್ ಅವರನ್ನು ನೋಡಿ. ವಾಷಿಂಗ್ಟನ್‌ನ ಒಂದೇ ಶಾಲೆಯಲ್ಲಿ 35 ವರ್ಷ ಚಿತ್ರಕಲೆ ಕಲಿಸಿದರು. 1960ರಲ್ಲಿ ನಿವೃತ್ತಿ ಆದರು. ಆಮೇಲೆ ಬರೆದ ಚಿತ್ರಗಳಿಂದಲೇ ಹೆಸರು ಬಂದಿದ್ದು. 1972ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಅವರೊಬ್ಬರದೇ ಪ್ರದರ್ಶನ ಆಯಿತು. ಆಫ್ರಿಕನ್ ಅಮೆರಿಕನ್ ಮಹಿಳೆಗೆ ಅಲ್ಲಿ ಅಂಥ ಅವಕಾಶ ಸಿಕ್ಕಿದ್ದು ಅದೇ ಮೊದಲು. ಆಗ ಅವರಿಗೆ 80 ವರ್ಷ! ನಮಗೆಲ್ಲ ಇನ್ನೂ ಬೇಕಾದಷ್ಟು ಟೈಮ್ ಇದೆ.

ಹಳೇಬ್ರಷ್ · ಸೋಮವಾರ, ಬೆಳಿಗ್ಗೆ 9:30

ನಾನು 31 ವರ್ಷ ಕಲಿಸಿ ನಿವೃತ್ತನಾದವನು. ಸಂಜೆಬಣ್ಣ ಅವರೇ, ನೀವು ಹೇಳಿದ ಕಥೆಯನ್ನೇ ನಾನೂ ನಂಬಿಕೊಂಡಿದ್ದೆ. ಆ ಕಥೆಯಲ್ಲಿ ಒಂದು ಭಾಗ ಬಿಟ್ಟುಹೋಗಿದೆ. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಆಲ್ಮಾ ಥಾಮಸ್ ಆ 35 ವರ್ಷ ಸುಮ್ಮನೆ ಕಾದು ಕೂತಿರಲಿಲ್ಲ. ಶಾಲೆಯ ಕೆಲಸದ ಜೊತೆಗೇ ಓದಿ 1934ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. 1950ರ ದಶಕದಲ್ಲಿ, ಅರವತ್ತರ ಆಚೀಚೆ ವಯಸ್ಸಿನಲ್ಲಿ, ಮತ್ತೆ ವಿದ್ಯಾರ್ಥಿಯಾಗಿ ಪೇಂಟಿಂಗ್ ಕಲಿಯಲು ಅಮೆರಿಕನ್ ಯೂನಿವರ್ಸಿಟಿಗೆ ಹೋದರು. ಆಗ ಇನ್ನೂ ಟೀಚರ್ ಆಗಿಯೇ ಇದ್ದರು. ಅಂದರೆ ನಿವೃತ್ತಿಯ ದಿನ ಅವರ ಕೈ ಬೆಚ್ಚಗೆ ಇತ್ತು. ಅಷ್ಟಿದ್ದೂ 1964ರ ಹೊತ್ತಿಗೆ ಸಂಧಿವಾತ ಬಂದು, ಇನ್ನು ಬರೆಯಲು ಆಗುತ್ತದೋ ಇಲ್ಲವೋ ಅನ್ನುವ ಸ್ಥಿತಿ ಬಂತು. ಅದಾದ ಮೇಲೆಯೇ ಕಿಟಕಿಯಾಚೆಯ ಹಾಲಿ (holly) ಅನ್ನುವ ಮರದ ಎಲೆ, ಎಲೆಗಳ ನಡುವಿನ ಬೆಳಕು ನೋಡಿ ಆ ತುಂಡು ತುಂಡು ಬಣ್ಣಗಳ ಚಿತ್ರಗಳು ಹುಟ್ಟಿದ್ದು.

ನನ್ನದು ಬೇರೆ ಕಥೆ. ನಿವೃತ್ತಿ ಆಗಲಿ, ಆಮೇಲೆ ದಿನವಿಡೀ ಬರೆಯುತ್ತೇನೆ ಅಂತ ಇಪ್ಪತ್ತು ವರ್ಷ ಹೇಳಿಕೊಂಡು ಬಂದೆ. ಒಳ್ಳೆಯ ಬ್ರಷ್ ಸಿಕ್ಕಿದಾಗೆಲ್ಲ ತೆಗೆದಿಟ್ಟೆ. ಡಬ್ಬ ತುಂಬಾ ಇವೆ. ನಿವೃತ್ತಿ ಆಗಿ ಎಂಟು ತಿಂಗಳಿಗೆ ಬಲಗೈ ನಡುಗಲು ಶುರುವಾಯಿತು. ಈಗ ಒಂದು ನೇರ ಗೆರೆ ಎಳೆಯಲು ಆಗುವುದಿಲ್ಲ. ಕನಿಕರ ಬೇಡ. 'ಆಮೇಲೆ' ಅನ್ನುವ ಮಾತು ಬಂದಾಗ ಇದನ್ನು ಹೇಳದೆ ಇರಲು ಆಗಲಿಲ್ಲ.

ಮೂಲೆಕೊಠಡಿ · ಸೋಮವಾರ, ಸಂಜೆ 6:20

ಸಾರ್, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ.

ನಿಜ ಹೇಳಬೇಕೆಂದರೆ ಟೈಮ್ ಪೂರ್ತಿ ಕಾರಣ ಅಲ್ಲ. ಕಳೆದ ರಜೆಯಲ್ಲಿ ಒಂದು ತಿಂಗಳು ಮನೆಯಲ್ಲೇ ಇದ್ದೆ. ಬೀರು ಸರಿಸಿ ಆ ಕ್ಯಾನ್ವಾಸ್ ಹೊರಗೆ ತೆಗೆದೆ. ಎದುರಿಗೆ ಕೂತೆ. ಕೂತ ಕೂಡಲೇ ಒಳಗಿನಿಂದ ಒಂದು ದನಿ ಶುರು. ಎಡಗಡೆ ಭಾರ ಜಾಸ್ತಿ ಆಯಿತು. ನೆರಳು ಎರಡು ದಿಕ್ಕಿಗೆ ಬಿದ್ದಿದೆ. ಆ ಹಸಿರು ಟ್ಯೂಬಿನಿಂದ ಹಾಗೇ ತೆಗೆದ ಹಸಿರು. ಎಲ್ಲ ಸರಿಯಾದ ಮಾತುಗಳೇ! ತರಗತಿಯಲ್ಲಿ ದಿನವೂ ಹೇಳುವ ಮಾತುಗಳೇ. ಒಂದು ಗಂಟೆ ಕೂತು, ಬ್ರಷ್ ಒದ್ದೆಯೂ ಮಾಡದೆ ಎದ್ದೆ.

ಕೆಂಪುಪೆನ್ನು · ಸೋಮವಾರ, ರಾತ್ರಿ 8:10

ಅದೇ ರೋಗ ಮೇಡಂ! ನಾನು ಅದನ್ನು ತಿದ್ದುವ ಕಣ್ಣು ಅಂತ ಕರೆಯುತ್ತೇನೆ.

ವಾರಕ್ಕೆ ಇನ್ನೂರು ಹಾಳೆ ನೋಡುತ್ತೇನೆ. ಒಂದು ಹಾಳೆಗೆ ಅರ್ಧ ನಿಮಿಷ. ಏನು ಚೆನ್ನಾಗಿದೆ, ಏನು ಸರಿ ಇಲ್ಲ, ಎಷ್ಟು ಅಂಕ. ಕಣ್ಣು ಬರೀ ತಪ್ಪು ಹುಡುಕುವ ಯಂತ್ರ ಆಗಿಬಿಟ್ಟಿದೆ. ಸಂಜೆ ಅದೇ ಕಣ್ಣು ತೆಗೆದುಕೊಂಡು ಮನೆಗೆ ಬರುತ್ತೇವಲ್ಲ, ಅದಕ್ಕೆ ಡ್ಯೂಟಿ ಮುಗಿದಿದೆ ಅಂತ ಗೊತ್ತೇ ಇರುವುದಿಲ್ಲ. ಮಕ್ಕಳ ಚಿತ್ರ ಮುಗಿದ ಮೇಲೆ ತಿದ್ದುತ್ತೇವೆ. ನಮ್ಮದನ್ನು ಶುರುವಾಗುವ ಮುಂಚೆಯೇ ತಿದ್ದುತ್ತೇವೆ. ವ್ಯತ್ಯಾಸ ಅಷ್ಟೇ.

ನಾನು ಕಂಡುಕೊಂಡ ಉಪಾಯ ಸ್ವಲ್ಪ ವಿಚಿತ್ರ. ಹಾಳೆ ತಿದ್ದಿದ ದಿನ ನನ್ನದೇನೂ ಬರೆಯುವುದಿಲ್ಲ. ಬರೆಯುವ ದಿನ ಹಾಳೆ ಮುಟ್ಟುವುದಿಲ್ಲ. ಎರಡೂ ಒಂದೇ ಸಂಜೆಯಲ್ಲಿ ಕೂಡಿ ಬಾಳುವುದಿಲ್ಲ. ಬರೆದಿದ್ದನ್ನು ಒಂದು ವಾರ ನೋಡುವುದೂ ಇಲ್ಲ, ಮಡಚಿಟ್ಟುಬಿಡುತ್ತೇನೆ. ರಬ್ಬರ್ ಶಾಲೆಯ ಡೆಸ್ಕಿನಲ್ಲೇ ಇರುತ್ತದೆ, ಮನೆಗೆ ತರುವುದಿಲ್ಲ.

ನೀಲಿಚೌಕ · ಸೋಮವಾರ, ರಾತ್ರಿ 11:50

ತಡವಾಗಿ ಬಂದೆ, ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆ ಇರಲಿ.

ತಿದ್ದುವ ಕಣ್ಣನ್ನು ಮುಚ್ಚಿಸಲು ಆಗುವುದಿಲ್ಲ ಅನ್ನುವುದು ನನ್ನ ಅನುಭವ. ಅದಕ್ಕೆ ಕೆಲಸ ಕಡಿಮೆ ಕೊಡಬಹುದು. ದೊಡ್ಡ ಕ್ಯಾನ್ವಾಸ್ ಅಂದರೆ ಸಾವಿರ ತೀರ್ಮಾನ. ಏನು ಬರೆಯಬೇಕು, ಯಾವ ಅಳತೆ, ಯಾವ ಬಣ್ಣ, ಎಲ್ಲಿಂದ ಬೆಳಕು. ಪ್ರತಿಯೊಂದು ತೀರ್ಮಾನದಲ್ಲೂ ಆ ಕಣ್ಣಿಗೆ ಬಾಯಿ ಹಾಕಲು ಅವಕಾಶ. ಹಾಗಾಗಿ ಮುಕ್ಕಾಲು ತೀರ್ಮಾನಗಳನ್ನು ಮೊದಲೇ ಮಾಡಿ ಬಾಗಿಲು ಹಾಕಿಬಿಡಬೇಕು.

ಚಿತ್ರಕಾರ ಜೋಸೆಫ್ ಆಲ್ಬರ್ಸ್ ಕೂಡ ಮೇಷ್ಟ್ರೇ. ಮೊದಲು ಸಣ್ಣ ಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದರು. ಆಮೇಲೆ ಜರ್ಮನಿಯ ಬೌಹೌಸ್ ಕಲಾಶಾಲೆ. ನಾಜಿಗಳ ಕಾಲದಲ್ಲಿ ಅದು ಮುಚ್ಚಿದಾಗ, 1933ರಲ್ಲಿ ಅಮೆರಿಕದ ಬ್ಲ್ಯಾಕ್ ಮೌಂಟನ್ ಕಾಲೇಜು. 1950ರಿಂದ ಯೇಲ್ ವಿಶ್ವವಿದ್ಯಾಲಯ. ಯೇಲ್‌ಗೆ ಬಂದ ವರ್ಷವೇ, 62ನೇ ವಯಸ್ಸಿನಲ್ಲಿ, ಚೌಕದೊಳಗೆ ಚೌಕ ಇರುವ ಆ ಚಿತ್ರಮಾಲೆ ಶುರು ಮಾಡಿದರು. ಮೂರೋ ನಾಲ್ಕೋ ಚೌಕ, ಅಷ್ಟೇ. ಜೋಡಣೆ ಮೊದಲೇ ನಿಗದಿ. ಹಾರ್ಡ್‌ಬೋರ್ಡ್ ಮೇಲೆ, ಬಣ್ಣ ಟ್ಯೂಬಿನಿಂದ ನೇರ, ಬ್ರಷ್ ಬದಲು ಚಾಕು. ಯಾವ ಕಂಪನಿಯ ಯಾವ ಬಣ್ಣ ಅಂತ ಹಲಗೆಯ ಹಿಂದೆ ಬರೆದಿಡುತ್ತಿದ್ದರು. 1976ರಲ್ಲಿ ತೀರಿಕೊಳ್ಳುವವರೆಗೆ ಸಾವಿರಕ್ಕೂ ಜಾಸ್ತಿ ಮಾಡಿದರು. ಉಳಿದಿದ್ದು ಒಂದೇ ಪ್ರಶ್ನೆ: ಈ ಬಣ್ಣದ ಪಕ್ಕ ಆ ಬಣ್ಣ ಇಟ್ಟರೆ ಏನಾಗುತ್ತದೆ? ತರಗತಿಯಲ್ಲಿ ಬಣ್ಣದ ಕಾಗದ ಕತ್ತರಿಸಿ ಮಕ್ಕಳಿಂದ ಮಾಡಿಸುತ್ತಿದ್ದ ಪ್ರಶ್ನೆಯೂ ಅದೇ. ಪಾಠವೂ ಸ್ವಂತ ಕೆಲಸವೂ ಒಂದೇ ಬಾವಿಯ ನೀರು.

ಮೇಡಂ, ಆಲ್ಬರ್ಸ್ ಅವರ ಹಸಿರೂ ಟ್ಯೂಬಿನಿಂದ ಹಾಗೇ ತೆಗೆದಿದ್ದೇ! ಇದನ್ನು ನಿಮ್ಮ ಒಳಗಿನ ದನಿಗೆ ಒಮ್ಮೆ ಹೇಳಿ ನೋಡಿ.

ಇನ್ನೊಬ್ಬರು ಜಾರ್ಜಿಯಾ ಓ'ಕೀಫ್. 1915ರಲ್ಲಿ ಸೌತ್ ಕ್ಯಾರೊಲಿನಾದ ಒಂದು ಕಾಲೇಜಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದರು. ಒಂದು ದಿನ ತಮ್ಮ ಚಿತ್ರಗಳನ್ನೆಲ್ಲ ಹರಡಿಕೊಂಡು ನೋಡಿದರೆ, ಒಂದೊಂದರಲ್ಲೂ ಒಬ್ಬೊಬ್ಬ ಗುರುವಿನ ಕೈ ಕಾಣಿಸಿತಂತೆ. ಬಣ್ಣವನ್ನೆಲ್ಲ ಎತ್ತಿಟ್ಟು ಬರೀ ಇಜ್ಜಲು ಹಿಡಿದರು. ಆ ಇಜ್ಜಲಿನ ಹಾಳೆಗಳನ್ನು ಗೆಳತಿಗೆ ಅಂಚೆಯಲ್ಲಿ ಕಳಿಸಿದರು. ಆಕೆ ಅದನ್ನು ನ್ಯೂಯಾರ್ಕಿನಲ್ಲಿ ಗ್ಯಾಲರಿ ನಡೆಸುತ್ತಿದ್ದ ಛಾಯಾಗ್ರಾಹಕ ಸ್ಟೀಗ್ಲಿಟ್ಸ್ ಅವರಿಗೆ ತೋರಿಸಿದ್ದು 1916ರ ಜನವರಿ 1ರಂದು. ಅದೇ ವರ್ಷ ಅವು ಅವರ ಗ್ಯಾಲರಿಯ ಗೋಡೆ ಮೇಲಿದ್ದವು. ಬಣ್ಣ ಬಿಟ್ಟಿದ್ದಕ್ಕೆ ದಾರಿ ಸಿಕ್ಕಿತು.

ಲಿನೋಚೂರು · ಮಂಗಳವಾರ, ಬೆಳಿಗ್ಗೆ 6:50

ನೀಲಿಚೌಕ ಅವರ ಮಾತಿಗೆ ನನ್ನ ಒಂದು ಸೇರ್ಪಡೆ. ಯಾವ ಮಾಧ್ಯಮ ಅನ್ನುವುದನ್ನು ನಿಮ್ಮ ಆಸೆ ನೋಡಿ ಆರಿಸಬೇಡಿ, ಗಡಿಯಾರ ನೋಡಿ ಆರಿಸಿ.

ಆಯಿಲ್ ನಿಧಾನಕ್ಕೆ ಒಣಗುತ್ತದೆ, ಅದು ಒಳ್ಳೆಯದೇ. ಪ್ಯಾಲೆಟ್ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಫ್ರೀಜರ್‌ನಲ್ಲಿ ಇಟ್ಟರೆ ಬಣ್ಣ ಇನ್ನೂ ಕೆಲವು ದಿನ ಬಾಳುತ್ತದೆ. ಆದರೆ ಹರಡಲು ಇಪ್ಪತ್ತು ನಿಮಿಷ, ಬ್ರಷ್ ತೊಳೆಯಲು ಇಪ್ಪತ್ತು ನಿಮಿಷ. ಮುಕ್ಕಾಲು ಗಂಟೆ ಸಿಗುವವರಿಗೆ ಉಳಿಯುವುದು ಐದು ನಿಮಿಷ. ಜೊತೆಗೆ ಟರ್ಪೆಂಟೈನ್ ವಾಸನೆ, ಕಿಟಕಿ ತೆಗೆದಿರಬೇಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆಯಬೇಡಿ, ದಯವಿಟ್ಟು. ಆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗೆ ಆ ಬಿಸಿ ಸಿಕ್ಕಿಹಾಕಿಕೊಂಡು, ಯಾರೂ ಕಡ್ಡಿ ಗೀರದೆಯೇ ಬೆಂಕಿ ಹತ್ತಬಹುದು. ಹೊರಗೆ ಒಂಟಿ ಪದರದಲ್ಲಿ ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ. ಶಾಲೆಯ ಸ್ಟೋರ್‌ರೂಮಿನಲ್ಲಿ ಇಂಥ ಬಟ್ಟೆಯ ರಾಶಿ ಕಂಡು ಎದೆ ಧಸಕ್ ಅಂದಿದೆ ನನಗೆ.

ಅಕ್ರಿಲಿಕ್ ಬೇಗ ಒಣಗುತ್ತದೆ. ನಡುವೆ ಯಾರೋ ಕರೆದರು, ಎದ್ದು ಹೋಗಿ ಬಂದಿರಿ, ಬ್ರಷ್ ಕಡ್ಡಿ ಆಗಿರುತ್ತದೆ. ಒಣಗಿದರೆ ಮತ್ತೆ ನೀರಿಗೆ ಕರಗುವುದಿಲ್ಲ. ಗ್ವಾಶ್ (ನೀರಲ್ಲಿ ಬೆರೆಸುವ ದಟ್ಟ ಬಣ್ಣ) ಹಾಗಲ್ಲ. ಒಣಗಿದರೂ ನೀರು ಮುಟ್ಟಿಸಿದರೆ ಎದ್ದು ಕೂರುತ್ತದೆ. ನಿಲ್ಲಿಸಿದ ಕಡೆಯಿಂದ ಮತ್ತೆ ಶುರು ಮಾಡಬಹುದು.

ನನ್ನ ಆಯ್ಕೆ ಲಿನೋ, ಅಂದರೆ ಲಿನೋಲಿಯಂ ಹಾಳೆಯಲ್ಲಿ ಚಿತ್ರ ಕೆತ್ತಿ ಅಚ್ಚು ತೆಗೆಯುವುದು. ಕೆತ್ತುತ್ತಾ ಇರುವಾಗ ಬೆಲ್ ಹೊಡೆದರೆ ಉಳಿ ಕೆಳಗಿಟ್ಟು ಎದ್ದರಾಯಿತು. ಒಣಗುವುದಿಲ್ಲ, ಚೆಲ್ಲುವುದಿಲ್ಲ. ಮುಂದಿನ ಗುರುವಾರ ಬಂದರೂ ಅದೇ ಗೆರೆಯಲ್ಲಿ ನಿಂತಿರುತ್ತದೆ. ತಣ್ಣಗಿದ್ದರೆ ಗಟ್ಟಿ ಇರುತ್ತದೆ, ಸ್ವಲ್ಪ ಬಿಸಿಲಿಗೆ ಇಟ್ಟು ತೆಗೆದರೆ ಬೆಣ್ಣೆ. ಅಚ್ಚು ತೆಗೆಯಲು ಯಂತ್ರ ಬೇಡ, ಚಮಚದ ಬೆನ್ನಿನಿಂದ ಉಜ್ಜಿದರೆ ಸಾಕು. ಇನ್ನೊಂದು ಲಾಭ ಇದೆ. ಕೆತ್ತಿದ್ದನ್ನು ಮತ್ತೆ ತುಂಬಲು ಆಗುವುದಿಲ್ಲ. ತಿದ್ದುವ ಕಣ್ಣು ಎಷ್ಟು ಕೂಗಿದರೂ ಪ್ರಯೋಜನ ಇಲ್ಲ. ಸ್ವಲ್ಪ ದಿನ ಕೂಗಿ ಸುಮ್ಮನಾಗುತ್ತದೆ.

ಸುಮ್ನೆಟೀಚರ್ · ಮಂಗಳವಾರ, ಮಧ್ಯಾಹ್ನ 1:30

ಎಲ್ಲರಿಗೂ ಸಿಟ್ಟು ಬರಬಹುದು, ಆದರೂ ಹೇಳುತ್ತೇನೆ. ನಾನು ಒಂಬತ್ತು ವರ್ಷದಿಂದ ಚಿತ್ರಕಲೆ ಕಲಿಸುತ್ತಿದ್ದೇನೆ. ಸ್ವಂತಕ್ಕೆ ಏನೂ ಬರೆಯುವುದಿಲ್ಲ. ಬರೆಯಬೇಕು ಅಂತಲೂ ಅನಿಸುವುದಿಲ್ಲ. ಗಣಿತದ ಮೇಷ್ಟ್ರಿಗೆ 'ನಿಮ್ಮದೇ ಹೊಸ ಪ್ರಮೇಯ ಯಾವುದು ಸಾರ್?' ಅಂತ ಯಾರಾದರೂ ಕೇಳುತ್ತಾರಾ? ನಮಗೆ ಮಾತ್ರ ಯಾಕೆ ಈ ಪರೀಕ್ಷೆ?

ಎಂಟು ವರ್ಷದ ಮಗುವಿಗೆ ಕತ್ತಲೆ ಅಂದರೆ ಬರೀ ಕಪ್ಪಲ್ಲ ಅಂತ ತೋರಿಸಲು ನಾನು ಆರು ಬೇರೆ ಬೇರೆ ಪಾಠ ಹೆಣೆದಿದ್ದೇನೆ. ಐದು ಸೋತವು. ಆರನೆಯದರಲ್ಲಿ ಕಪ್ಪು ಟ್ಯೂಬನ್ನೇ ಬೀಗ ಹಾಕಿ ಇಟ್ಟೆ. ನೀಲಿ, ಕಂದು ಬೆರೆಸಿ ಬೆರೆಸಿ ಒಬ್ಬ ಹುಡುಗ 'ಮಿಸ್, ಇದು ರಾತ್ರಿ ಕಪ್ಪು, ಅದು ಬಾವಿ ಕಪ್ಪು' ಅಂತ ಎರಡು ಕಪ್ಪು ತಂದು ತೋರಿಸಿದ. ಇದು ಸೃಷ್ಟಿ ಅಲ್ವಾ? ಗೋಡೆಗೆ ತೂಗುಹಾಕಲು ಆಗುವುದಿಲ್ಲ ಅಂತ ಇದಕ್ಕೆ ಬೆಲೆ ಇಲ್ಲವಾ?

ಬಿಟ್ಟಿಬ್ಯಾನರ್ · ಮಂಗಳವಾರ, ಮಧ್ಯಾಹ್ನ 1:52

ಬಾವಿ ಕಪ್ಪು! ಕದಿಯುತ್ತಿದ್ದೇನೆ ಮೇಡಂ, ನಾಳೆಯ ಪಾಠಕ್ಕೆ.

ಕೆಂಪುಪೆನ್ನು · ಮಂಗಳವಾರ, ಸಂಜೆ 5:40

ಗಣಿತದ ಹೋಲಿಕೆ ಪೂರ್ತಿ ಒಪ್ಪಲಾರೆ. ಗಣಿತದ ಮೇಷ್ಟ್ರು ದಿನವೂ ಬೋರ್ಡ್ ಮೇಲೆ ಲೆಕ್ಕ ಮಾಡುತ್ತಾರೆ. ಎಲ್ಲೋ ಸಿಕ್ಕಿಹಾಕಿಕೊಳ್ಳುತ್ತಾರೆ, ಅಳಿಸುತ್ತಾರೆ, ಮತ್ತೆ ಮಾಡುತ್ತಾರೆ. ನಾವು ಎಷ್ಟೋ ಜನ ಅದೂ ಮಾಡುವುದಿಲ್ಲ. ನಾವು ತೋರಿಸುವುದು ನೂರು ಸಲ ಮಾಡಿ ಬಾಯಿಪಾಠ ಆಗಿರುವ ಗುಡ್ಡ, ಸೂರ್ಯ, ಹೂಜಿ. ಸಿಕ್ಕಿಹಾಕಿಕೊಳ್ಳುವುದು ಹೇಗಿರುತ್ತದೆ ಅಂತಲೇ ಮರೆತಿರುತ್ತೇವೆ. ಅದು ಮರೆತವರು 'ಯಾಕೋ ಸುಮ್ನೆ ಕೂತಿದೀಯ, ಬರಿ' ಅಂತ ಮಗುವನ್ನು ಗದರುತ್ತಾರೆ. ನಾನೂ ಗದರಿದ್ದೇನೆ.

ಸುಮ್ನೆಟೀಚರ್ · ಮಂಗಳವಾರ, ಸಂಜೆ 6:15

ಸಿಕ್ಕಿಹಾಕಿಕೊಳ್ಳಲು ಕ್ಯಾನ್ವಾಸೇ ಬೇಕು ಅಂತಿಲ್ಲ. ಐದು ಸೋತ ಪಾಠ ಅಂತ ಬರೆದಿದ್ದೆನಲ್ಲ, ಓದಿದಿರಾ?

ಕೆಂಪುಪೆನ್ನು · ಮಂಗಳವಾರ, ಸಂಜೆ 6:31

ಓದಿದ್ದೆ. ಆದರೂ ಬೇರೆಯದನ್ನು ಬರೆದೆ. ನಿಮ್ಮ ಮಾತು ಸರಿ ಇದೆ.

ನೀಲಿಚೌಕ · ಮಂಗಳವಾರ, ರಾತ್ರಿ 10:20

ಇಬ್ಬರ ಮಾತಿಗೂ ಚಿತ್ರಕಾರ ಪಾಲ್ ಕ್ಲೇ ನೆನಪಾದರು. 1921ರಿಂದ 1931ರವರೆಗೆ ಬೌಹೌಸ್‌ನಲ್ಲಿ ಕಲಿಸಿದರು. ಕೈ ತಾನಾಗಿ ಮಾಡುತ್ತಿದ್ದುದನ್ನು ಇನ್ನೊಬ್ಬರಿಗೆ ಹೇಳಬೇಕಾಗಿ ಬಂತಲ್ಲ, ಅದಕ್ಕಾಗಿ ಬರೆದ ಪಾಠದ ಟಿಪ್ಪಣಿಗಳೇ ಸಾವಿರಾರು ಪುಟ ಇವೆ. ಗೆರೆ ಎಲ್ಲಿಂದ ಹೊರಡುತ್ತದೆ, ಬಾಣದ ಗುರುತು ಏನು ಮಾಡುತ್ತದೆ, ತೂಕ ಹೇಗೆ ಕೂರುತ್ತದೆ. ಆ ಬಾಣಗಳು, ತಕ್ಕಡಿಗಳು ಅವರ ಚಿತ್ರಗಳಲ್ಲೂ ಬಂದು ಕೂತಿವೆ. ಅಷ್ಟಾದರೂ ಕೊನೆಗೆ ಬೌಹೌಸ್‌ನ ಹೊರೆ ಜಾಸ್ತಿ ಆಗಿ, ಡಸೆಲ್‌ಡಾರ್ಫ್ ಅಕಾಡೆಮಿಗೆ ಹೋದರು. ಪಾಠ ಅವರಿಗೆ ಕೊಟ್ಟಿತು, ಕಿತ್ತುಕೊಂಡಿತು ಕೂಡ. ಎರಡೂ ನಿಜ.

ಕಾಗದದೋಣಿ · ಬುಧವಾರ, ಬೆಳಿಗ್ಗೆ 8:00

ಹೊಸಬಳು, ಕೆಲಸಕ್ಕೆ ಸೇರಿ ಎರಡನೇ ವರ್ಷ. ಒಂದು ಸಂಶಯ. ತರಗತಿಯಲ್ಲೇ ಮಕ್ಕಳ ಜೊತೆ ಕೂತು ನಾನೂ ಬರೆದರೆ ತಪ್ಪಾ? ನಾನು ಓದುವಾಗ ಒಬ್ಬ ಸೀನಿಯರ್ ಹೇಳಿದ್ದರು, ಟೀಚರ್ ಬರೆದರೆ ಮಕ್ಕಳು ನಕಲು ಹೊಡೆಯುತ್ತಾರೆ ಅಂತ.

ಹಳೇಬ್ರಷ್ · ಬುಧವಾರ, ಬೆಳಿಗ್ಗೆ 9:10

ಹೊಡೆಯುತ್ತಾರಮ್ಮಾ. ನನ್ನ ಕೈಕೆಳಗೆ ಕಲಿತ ಮೂರು ಬ್ಯಾಚಿನವರು ಇವತ್ತಿಗೂ ಮರ ಬರೆದರೆ ನನ್ನ ಮರವನ್ನೇ ಬರೆಯುತ್ತಾರೆ. ನೋಡಿದರೆ ಖುಷಿ ಆಗಬೇಕಿತ್ತು, ಆಗುವುದಿಲ್ಲ.

ಗುಸ್ತಾವ್ ಮೊರೊ ಅಂತ ಪ್ಯಾರಿಸ್ಸಿನಲ್ಲಿ ಒಬ್ಬ ಗುರು ಇದ್ದರು. 1892ರಿಂದ 1898ರವರೆಗೆ ಎಕೋಲ್ ದೆ ಬೋಜಾರ್ ಅನ್ನುವ ಕಲಾಶಾಲೆಯಲ್ಲಿ ಕಲಿಸಿದರು. ಅವರ ಚಿತ್ರಗಳೋ ಪುರಾಣದ ಕಥೆ, ಒಡವೆ, ಸೂಕ್ಷ್ಮ ಕುಸುರಿ. ಶಿಷ್ಯರು ಯಾರು? ಮಾತಿಸ್, ರುವೊ, ಮಾರ್ಕೆ. ಒಬ್ಬರ ಚಿತ್ರವೂ ಗುರುವಿನ ಚಿತ್ರದ ಹಾಗಿಲ್ಲ! ಅಷ್ಟು ದೂರ ಹೋಗಲು ಬಿಟ್ಟ ಗುರುವಿನ ಮೇಲೆ ಅವರಿಗೆ ಪ್ರೀತಿ ಎಷ್ಟಿತ್ತು ಅಂದರೆ, ಮೊರೊ ಅವರ ಮನೆ ಮ್ಯೂಸಿಯಂ ಆದಾಗ ಅದನ್ನು ನೋಡಿಕೊಳ್ಳಲು ನಿಂತ ಮೊದಲಿಗ ಶಿಷ್ಯ ರುವೊ.

ಲಿನೋಚೂರು · ಬುಧವಾರ, ಸಂಜೆ 4:45

ಓಣಿ ಮೇಡಂ (ಅಲ್ಲ, ದೋಣಿ ಮೇಡಂ, ಕ್ಷಮಿಸಿ), ಯಾವ ಅಭ್ಯಾಸ ಅನ್ನುವುದರ ಮೇಲೆ ಹೋಗುತ್ತದೆ. ನೀವು ಚೆಂದ ಬರೆಯಬಲ್ಲದ್ದನ್ನು ಬರೆದರೆ ನಕಲು ಖಂಡಿತ. ನಿಮಗೂ ಕಷ್ಟ ಆಗುವುದನ್ನು ಬರೆಯಿರಿ.

ನಾನು ಮಾಡಿಸುವುದು ಇದು. ಕಣ್ಣು ವಸ್ತುವಿನ ಮೇಲೆ, ಕೈ ಕಾಗದದ ಮೇಲೆ. ಕಾಗದ ನೋಡುವ ಹಾಗಿಲ್ಲ. ಒಂದೇ ಗೆರೆ, ಪೆನ್ಸಿಲ್ ಎತ್ತುವ ಹಾಗಿಲ್ಲ. ಕಣ್ಣು ಅಂಚಿನ ಮೇಲೆ ಇರುವೆ ನಡೆದ ಹಾಗೆ ನಡೆಯಬೇಕು, ಕೈ ಅದೇ ವೇಗದಲ್ಲಿ. ಐದು ನಿಮಿಷ. ಮುಗಿದ ಮೇಲೆ ಎಲ್ಲರೂ ಹಾಳೆ ಎತ್ತಿ ತೋರಿಸಬೇಕು, ನಾನೂ ಸೇರಿ. ನನ್ನ ಶೂ ಆನೆಯ ಸೊಂಡಿಲಿನ ಹಾಗೆ ಬಂದಿರುತ್ತದೆ. ನಕಲು ಹೊಡೆಯಲು ಅಲ್ಲಿ ಏನೂ ಇರುವುದಿಲ್ಲ. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಆದರೆ ಆ ಗೆರೆಯಲ್ಲಿ ಒಂದು ಜೀವ ಇರುತ್ತದೆ ನೋಡಿ, ನೂರು ಸಲ ತಿದ್ದಿ ಬರೆದದ್ದರಲ್ಲಿ ಇರುವುದಿಲ್ಲ.

ಇನ್ನೊಂದು, ಮಗುವಿನ ಹಾಳೆಯ ಮೇಲೆ ಮಾತ್ರ ನಿಮ್ಮ ಪೆನ್ಸಿಲ್ ಇಡಬೇಡಿ. ತೋರಿಸಲೇಬೇಕಾದರೆ ಪಕ್ಕದಲ್ಲಿ ಬೇರೆ ಚೂರು ಕಾಗದದ ಮೇಲೆ ತೋರಿಸಿ, ಆಮೇಲೆ ಅದನ್ನು ಮಡಚಿ ಜೇಬಿಗೆ ಹಾಕಿಕೊಳ್ಳಿ.

ಕಾಗದದೋಣಿ · ಬುಧವಾರ, ಸಂಜೆ 7:30

ಓಣಿ ಆದರೂ ಪರವಾಗಿಲ್ಲ ಸಾರ್! ನಾಳೆಯೇ ಮಾಡಿಸುತ್ತೇನೆ.

ಹಳೇಬ್ರಷ್ ಸಾರ್, ನಿಮಗೊಂದು ಮಾತು ಹೇಳಲಾ, ತಪ್ಪು ತಿಳಿಯಬೇಡಿ. ಬಿನೋದ್ ಬಿಹಾರಿ ಮುಖರ್ಜಿ ಅವರ ಬಗ್ಗೆ ಓದುವಾಗ ನಿಮ್ಮ ನೆನಪಾಯಿತು. ಶಾಂತಿನಿಕೇತನದಲ್ಲಿ ಕಲಿಸಿದವರು. 1956ರಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆ ಆದ ಮೇಲೆ ದೃಷ್ಟಿ ಪೂರ್ತಿ ಹೋಯಿತು. ಆಮೇಲೂ ಕಾಗದ ಕತ್ತರಿಸಿ ಅಂಟಿಸಿ ಚಿತ್ರ ಮಾಡಿದರು. 1972ರಲ್ಲಿ ಅಲ್ಲಿನ ಕಲಾಭವನದ ಗೋಡೆಗೆ ಟೈಲ್‌ಗಳ ದೊಡ್ಡ ಚಿತ್ರ ಮಾಡಿದರು. ನೀವು ಹೇಳಿದ ಮಾತಿಸ್ ಕೂಡ ಕೊನೆಗೆ ಕತ್ತರಿ ಹಿಡಿದವರೇ ಅಲ್ವಾ. ಗ್ವಾಶ್ ಬಳಿದ ಹಾಳೆ, ದೊಡ್ಡ ಕತ್ತರಿ. ನೇರ ಗೆರೆ ಬೇಕೇ ಬೇಕು ಅಂತ ಏನಿದೆ?

ಹಳೇಬ್ರಷ್ · ಬುಧವಾರ, ರಾತ್ರಿ 9:00

ತಪ್ಪು ಯಾಕೆ ತಿಳಿಯಲಿ. ಯೋಚನೆ ಮಾಡುತ್ತೇನೆ.

ಮೂಲೆಕೊಠಡಿ · ಒಂಬತ್ತು ವಾರಗಳ ನಂತರ, ಶನಿವಾರ, ಸಂಜೆ 5:10

ನಾನೇ ಶುರು ಮಾಡಿ ನಾನೇ ಮಾಯವಾಗಿಬಿಟ್ಟೆ, ಕ್ಷಮಿಸಿ.

ಏನೇನು ಮಾಡಿದೆ ಅಂತ ಹೇಳುತ್ತೇನೆ. ಆ ದೊಡ್ಡ ಕ್ಯಾನ್ವಾಸನ್ನು ಒಬ್ಬ ಗೆಳತಿಯ ಮನೆಗೆ ಸಾಗಿಸಿದೆ. ಹರಿಯಲು ಮನಸ್ಸಾಗಲಿಲ್ಲ, ಮುಗಿಸುವ ಆಸೆಯೂ ಇಲ್ಲ. ಕಣ್ಣಿಗೆ ಬೀಳದಿದ್ದರೆ ಸಾಕಿತ್ತು.

ತೀರ್ಮಾನಗಳಿಗೆ ಬಾಗಿಲು ಹಾಕಿದೆ, ನೀಲಿಚೌಕ ಹೇಳಿದ ಹಾಗೆ. ಜಾಗ, ಶಾಲೆಯ ನನ್ನ ಮೂಲೆ ಕೊಠಡಿ. ಹೊತ್ತು, ಕೊನೆಯ ಬೆಲ್ ಆದ ಮೇಲೆ 25 ನಿಮಿಷ, ಸೋಮವಾರ ಮತ್ತು ಗುರುವಾರ. ಆ ಎರಡು ದಿನ ಹಾಳೆ ತಿದ್ದುವುದಿಲ್ಲ. ಅಳತೆ, ಪೋಸ್ಟ್‌ಕಾರ್ಡ್‌ನ ಎರಡರಷ್ಟು. ಗ್ವಾಶ್. ಬಣ್ಣ ಮೂರೇ: ಒಂದು ನೀಲಿ, ಒಂದು ಕಂದು, ಬಿಳಿ. ಕಪ್ಪು ಇಲ್ಲ (ಸುಮ್ನೆಟೀಚರ್ ಮೇಡಂ, ನಿಮ್ಮಿಂದ ಕದ್ದದ್ದು). ವಿಷಯವೂ ಒಂದೇ. ಮಕ್ಕಳು ಹೋದ ಮೇಲೆ ಡೆಸ್ಕ್ ಮೇಲೆ ತಲೆಕೆಳಗಾಗಿ ಎತ್ತಿಟ್ಟ ಸ್ಟೂಲುಗಳು. ಕಾಲುಗಳೆಲ್ಲ ಮೇಲೆ. ಅದನ್ನು ಹದಿನಾಲ್ಕು ವರ್ಷದಿಂದ ದಿನವೂ ನೋಡಿದ್ದೇನೆ, ನೋಡಿರಲೇ ಇಲ್ಲ.

ಮೊದಲ ಮೂರು ವಾರ ಘೋರ. ದನಿ ನಿಲ್ಲಲಿಲ್ಲ. ಎರಡು ಸಲ ಬ್ಯಾನರ್ ಕೆಲಸ ಬಂದು ಗುರುವಾರ ಹೋಯಿತು. ನೋಟ್‌ಬುಕ್ ಇಟ್ಟಿದ್ದೇನೆ, ಇನ್ನೂ ಯಾರಿಗೂ ತೋರಿಸುವ ಧೈರ್ಯ ಆಗಿಲ್ಲ. ನಾಲ್ಕನೇ ವಾರ ಒಂದು ಸಂಜೆ 25 ನಿಮಿಷ ಮುಗಿದದ್ದು ಗೊತ್ತಾಗಲಿಲ್ಲ. ಕಾವಲುಗಾರ ಬಂದು ಬಾಗಿಲು ಬಡಿದಾಗಲೇ ಎಚ್ಚರ.

ಈಗ ಹದಿನಾಲ್ಕು ಹಾಳೆ ಆಗಿವೆ. ಮೂರು ಪರವಾಗಿಲ್ಲ. ಒಂದು ಹಾಳೆ ಒಣಗಲಿ ಅಂತ ಕಿಟಕಿಯಲ್ಲಿ ಬಿಟ್ಟು ಮರೆತಿದ್ದೆ. ಬೆಳಿಗ್ಗೆ ಆರನೇ ತರಗತಿಯ ಹುಡುಗನೊಬ್ಬ ತುಂಬಾ ಹೊತ್ತು ನೋಡಿ, 'ಮಿಸ್, ಇದು ಯಾರದ್ದು? ಈ ಸ್ಟೂಲಿಗೆ ಕಾಲು ಮೂರೇ ಇದೆ' ಅಂದ. ನನ್ನದು ಅಂದೆ. 'ಓ' ಅಂದು, ಮತ್ತೆ ನೋಡಿ, 'ಇನ್ನೊಂದು ಹಿಂದೆ ಇರಬೋದು' ಅಂತ ಅವನೇ ಸಮಾಧಾನ ಮಾಡಿ ಹೋದ. ಇಲ್ಲ, ಹಿಂದೆ ಇರಲಿಲ್ಲ. ಮರೆತಿದ್ದೆ.

ಪ್ರದರ್ಶನದ ಅರ್ಜಿಯ ಕೊನೆಯ ದಿನ ಯಾವಾಗಲೋ ಮುಗಿದಿದೆ. ಅದು ಬೇಜಾರಿಲ್ಲ ಅಂದರೆ ಸುಳ್ಳಾಗುತ್ತದೆ.

ಈಗ ಒಂದು ಪ್ರಶ್ನೆ ಇದೆ, ಅದಕ್ಕೇ ಬಂದೆ. ಹಾಳೆಗಳು ಒಣಗಿದ ಮೇಲೆ ದೋಣಿಯ ಹಾಗೆ ಬಾಗಿಬಿಡುತ್ತವೆ. ಏನು ಮಾಡಬೇಕು?

ಲಿನೋಚೂರು · ಶನಿವಾರ, ಸಂಜೆ 5:35

ಬಣ್ಣದ ಪದರ ಒಣಗುವಾಗ ಕುಗ್ಗುತ್ತದೆ, ಕಾಗದವನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ಅದಕ್ಕೆ. ಹಾಳೆಯ ಹಿಂಭಾಗಕ್ಕೆ ಮಾತ್ರ ಸ್ಪ್ರೇಯಿಂದ ತೆಳ್ಳಗೆ ನೀರು ಚಿಮುಕಿಸಿ. ತೊಯ್ಯಬಾರದು, ತಂಪಾದರೆ ಸಾಕು. ಮುಂಭಾಗಕ್ಕೆ ಒಂದು ಹನಿಯೂ ಬೀಳದ ಹಾಗೆ ನೋಡಿಕೊಳ್ಳಿ, ಗ್ವಾಶ್ ಎದ್ದುಬಿಡುತ್ತದೆ. ಎರಡು ಒಣ ಬಿಳಿ ಹಾಳೆಗಳ ನಡುವೆ ಇಟ್ಟು, ಮೇಲೆ ಹಲಗೆ, ಹಲಗೆ ಮೇಲೆ ಭಾರದ ಪುಸ್ತಕ. ಒಂದು ರಾತ್ರಿ ಬಿಡಿ. ಬಣ್ಣ ತುಂಬಾ ದಪ್ಪ ಹಾಕಿದ್ದರೆ ಬಿರುಕು ಬಿಡಬಹುದು, ಮೊದಲು ಕೆಟ್ಟದಾಗಿ ಬಂದ ಹಾಳೆಯ ಮೇಲೆ ಮಾಡಿ ನೋಡಿ.

ಮೂಲೆಕೊಠಡಿ · ಶನಿವಾರ, ಸಂಜೆ 5:50

ಕೆಟ್ಟದಾಗಿ ಬಂದವು ಹನ್ನೊಂದು ಇವೆ ಸಾರ್, ಆ ಚಿಂತೆ ಇಲ್ಲ.

ಹಳೇಬ್ರಷ್ · ಶನಿವಾರ, ರಾತ್ರಿ 8:25

ಮೂರು ಕಾಲಿನ ಸ್ಟೂಲನ್ನು ತಿದ್ದಬೇಡಿ, ಹಾಗೇ ಇರಲಿ.

ದೋಣಿ ಮಗಳೇ, ಕತ್ತರಿ ಹಿಡಿದೆ. ಕೈ ನಡುಗುವುದರಿಂದ ಅಂಚು ಗರಗಸದ ಹಾಗೆ ಬರುತ್ತದೆ. ಎಲೆ ಕತ್ತರಿಸಿದರೆ ಅದೇ ಚೆಂದ ಕಾಣುತ್ತಿದೆ, ಹಲ್ಲು ಹಲ್ಲಾಗಿ. ಮನೆ ಕತ್ತರಿಸಲು ಹೋದರೆ ಬಿದ್ದುಹೋಗುವ ಮನೆ ಆಗುತ್ತದೆ. ಹಾಗಾಗಿ ಸದ್ಯಕ್ಕೆ ಬರೀ ಎಲೆ. ಯಾವ ಅಂಟು ಹಾಕಿದರೆ ಕಾಗದ ಸುಕ್ಕು ಬರುವುದಿಲ್ಲ, ಯಾರಿಗಾದರೂ ಗೊತ್ತಾ?